ಸರಿಸು, ಗಿರಕಿ, ಡಬ್ಬ: ಪ್ರೆಸ್ಸಿನ ರಟ್ಟಿನ ಚೂರಿನಿಂದ ಒಂದು ಆಕಾರದ ಪೆಟ್ಟಿಗೆ

ಮಗಳು ಏಳನೇ ತರಗತಿ. ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದಳು. 'ಒಂದೇ ಆಕಾರ, ಒಂದೇ ಅಳತೆ ಇರುವ ಆಕೃತಿಗಳು ಸರ್ವಸಮ.' ನಾಲ್ಕು ಸಲ ಹೇಳಿದಳು, ನಾಲ್ಕು ಸಲವೂ ಒಂದಕ್ಷರ ತಪ್ಪಲಿಲ್ಲ. ನನಗೆ ಅನುಮಾನ ಬಂತು. ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಕುಡಗೋಲಿನ ಥರದ ಎರಡು ಆಕಾರ ಕತ್ತರಿಸಿ ನೆಲದ ಮೇಲಿಟ್ಟೆ. ಒಂದರ ಕೊಕ್ಕೆ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಇವೆರಡೂ ಸರ್ವಸಮವಾ ಅಂತ ಕೇಳಿದೆ.

ಅಲ್ಲ ಅಂದಳು.

'ತಿರುಗಿಸಿ ನೋಡು' ಅಂದೆ. ತಿರುಗಿಸಿದಳು. ಗಡಿಯಾರದ ಮುಳ್ಳಿನ ಹಾಗೆ ಪೂರ್ತಿ ಒಂದು ಸುತ್ತು. ಕೂಡಲಿಲ್ಲ. 'ಹಂಗಲ್ಲ, ತಿರುಗಿಸು' ಅಂದೆ. ಮತ್ತೆ ಒಂದು ಸುತ್ತು. 'ತಿರುಗಿಸಿದೆನಲ್ಲಪ್ಪಾ, ಇನ್ನೆಷ್ಟು ತಿರುಗಿಸ್ಲಿ?' ಅಂತ ಸಿಟ್ಟಾದಳು. ಅಷ್ಟರಲ್ಲಿ ಒಳಗಿನಿಂದ ಅವಳಮ್ಮನ ದನಿ: 'ಮಾತು ಆಮೇಲೆ, ಬಂದು ಈ ರೊಟ್ಟಿ ತಿರುವಿ ಹಾಕು.' ಮಗಳು ಎದ್ದು ಹೋಗಿ ರೊಟ್ಟಿಯನ್ನು ಹೆಂಚಿನ ಮೇಲೆ ಡಬ್ಬ ಹಾಕಿ, ಅಂದರೆ ಮಗುಚಿ ಹಾಕಿ ಬಂದಳು. ನಾನು ಹೇಳಿದ್ದೂ ಅದನ್ನೇ! ಆದರೆ ತಿರುಗಿಸು, ತಿರುವು ಅನ್ನೋ ಮಾತುಗಳು ನಮ್ಮಲ್ಲಿ ಎರಡು ಕೆಲಸ ಮಾಡುತ್ತವೆ. ಗಾಲಿ ತಿರುಗಿಸುವುದು ಒಂದು, ಪುಟ ತಿರುಗಿಸುವುದು ಇನ್ನೊಂದು. ಗಣಿತದಲ್ಲಿ ಇವೆರಡೂ ಬೇರೆಬೇರೆ. ಪುಸ್ತಕದಲ್ಲಿ ಸ್ಥಾನಾಂತರ, ಪರಿಭ್ರಮಣ, ಪ್ರತಿಫಲನ ಅಂತ ಚೆಂದದ ಪದಗಳಿವೆ, ನಿಜ. ಆದರೆ ಆ ಪದ ಕೇಳಿ ಯಾವ ಮಗುವಿನ ಕೈಯೂ ತಾನಾಗಿ ಅಲುಗಾಡುವುದಿಲ್ಲ.

ನಾನು ಬೈಂಡಿಂಗ್ ಕೆಲಸದವನು. ಗದಗ-ಬೆಟಗೇರಿ ಪ್ರೆಸ್ಸುಗಳಿಗೆ ಹೆಸರಾದ ಊರು, ರಟ್ಟಿನ ಚೂರಿಗೆ ಇಲ್ಲಿ ಬರವಿಲ್ಲ. ಕೈ ಅಲುಗಾಡುವಂಥದ್ದು ಏನಾದರೂ ಮಾಡೋಣ ಅಂತ ಶುರು ಮಾಡಿದೆ. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಆರು ಭಾನುವಾರ ಹಿಡಿಯಿತು.

ಮೊದಲ ಭಾನುವಾರ

ಮೂರು ಸೆಂಟಿಮೀಟರಿನ ಚೌಕವನ್ನು ಒಂದು 'ಮನಿ' ಅಂತ ಲೆಕ್ಕ ಇಟ್ಟೆ. ನಾಲ್ಕು ಮನಿಗಳು ಬದಿಗೆ ಬದಿ ತಾಗಿ ಕೂಡಿದರೆ ಒಂದು ತುಂಡು. ಹೀಗೆ ಐದು ಥರದ ತುಂಡು ಆಗುತ್ತವೆ. ಹೆಸರಿಟ್ಟವರು ನಮ್ಮ ಓಣಿಯ ಹುಡುಗರು. ನಾಲ್ಕೂ ಸಾಲಾಗಿದ್ದರೆ ಕೋಲು. ಎರಡರ ಮೇಲೆ ಎರಡು ಇದ್ದರೆ ಮಣೆ. ಮೂರರ ನಡುವೆ ಒಂದು ತಲೆ ಎತ್ತಿದರೆ ಗೋಪುರ. ಮೂರರ ತುದಿಗೆ ಒಂದು ಬಾಗಿದರೆ ಕುಡಗೋಲು. ಎರಡು ಕೆಳಗೆ, ಎರಡು ಮೇಲೆ ಒಂದು ಮನಿ ಸರಿದು ಕೂತರೆ ಮೆಟ್ಟಿಲು.

ರಟ್ಟು 2 ಮಿಲಿಮೀಟರಿನ ಗ್ರೇ ಬೋರ್ಡ್. ಕೋಲು, ಮಣೆ ಎರಡನ್ನೂ ಪ್ರೆಸ್ಸಿನ ಕಟಿಂಗ್ ಮಷಿನ್ನಲ್ಲೇ ಹೊಡೆದೆ, ಎರಡು ನಿಮಿಷದ ಕೆಲಸ. ಉಳಿದ ಮೂರಕ್ಕೆ ಒಳಮೂಲೆ ಇದೆ, ಅಲ್ಲಿಗೆ ಮಷಿನ್ ಹೋಗುವುದಿಲ್ಲ. ಅವನ್ನು ಸ್ಟೀಲ್ ಪಟ್ಟಿ ಇಟ್ಟು ಕಟರ್‌ನಿಂದ ಕೈಯಲ್ಲೇ ಕತ್ತರಿಸಿದೆ. ಡೈರಿ ರಟ್ಟಿಗೆ ಹಾಕಿ ಉಳಿದಿದ್ದ ಕೆಂಪು ಕಾಗದವನ್ನು ಒಂದು ಮುಖಕ್ಕೆ ಮೈದಾ ಅಂಟಿನಿಂದ ಅಂಟಿಸಿ, ಚೆಂದ ಕಾಣುತ್ತೆ ಅಂತ ಖುಷಿಯಿಂದ ಮಲಗಿದೆ.

ಬೆಳಗ್ಗೆ ನೋಡಿದರೆ ಎಲ್ಲ ತುಂಡುಗಳೂ ಹಪ್ಪಳದ ಹಾಗೆ ಬಾಗಿದ್ದವು. ಇಪ್ಪತ್ತು ವರ್ಷ ರಟ್ಟು ಕಟ್ಟಿದವನಿಗೆ ಇದು ನಾಚಿಕೆಗೇಡು. ಅಂಟು ಹಚ್ಚಿದ ಕಾಗದ ಹಸಿಯಲ್ಲಿ ಹಿಗ್ಗುತ್ತದೆ. ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಅದಕ್ಕೇ ಬೈಂಡಿಂಗಿನಲ್ಲಿ ಎರಡೂ ಮುಖಕ್ಕೆ ಕಾಗದ ಕೊಡಬೇಕು, ಎಳೆತಕ್ಕೆ ಎಳೆತ ಸರಿಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ಇದನ್ನು ಬೈದು ಕಲಿಸಿದವನೇ ನಾನು. ಮಕ್ಕಳ ಆಟಿಕೆ ತಾನೇ ಅಂತ ಉದಾಸೀನ ಮಾಡಿದೆ.

ಇನ್ನೊಂದು ಮುಖಕ್ಕೆ ಹಚ್ಚಲು ಕೆಂಪು ಕಾಗದ ಸಾಕಾಗಲಿಲ್ಲ, ನೀಲಿ ಹಚ್ಚಿದೆ. ಎಲ್ಲವನ್ನೂ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿ ಒಂದು ದಿನ ಬಿಟ್ಟೆ. ಸಾಪಾಟಾದವು. ಈ ಪೆಟ್ಟಿಗೆಯಲ್ಲಿ ಏನಾದರೂ ಜಾಣತನ ಇದ್ದರೆ ಅದು ಈ ಎರಡು ಬಣ್ಣದ್ದು. ಅದು ನನ್ನ ತಲೆಯಿಂದ ಬಂದದ್ದಲ್ಲ, ಕೆಂಪು ಕಾಗದ ಮುಗಿದದ್ದರಿಂದ ಬಂದದ್ದು.

ಎರಡು ಬಣ್ಣ ಏನು ಮಾಡಿತು ಅಂದರೆ, ತುಂಡನ್ನು ಸರಿಸಿದರೂ ಕೆಂಪು ಕೆಂಪಾಗೇ ಇರುತ್ತದೆ, ಗಿರಕಿ ಹೊಡೆಸಿದರೂ ಕೆಂಪೇ. ಡಬ್ಬ ಹಾಕಿದರೆ ಮಾತ್ರ ನೀಲಿ. ಮಗು ಏನು ಮಾಡಿತು ಅಂತ ಬಣ್ಣವೇ ಹೇಳುತ್ತದೆ, ಬಾಯಿಮಾತಿನ ಗೊಂದಲ ಇಲ್ಲ. ಅಂಗಾತ ಅಂದರೆ ಕೆಂಪು, ಡಬ್ಬ ಅಂದರೆ ನೀಲಿ. ಹುಡುಗರು ಅವತ್ತೇ ಮೂರು ಮಾತು ಖಾಯಂ ಮಾಡಿದರು: ಪುಸ್ತಕದ ಸ್ಥಾನಾಂತರಕ್ಕೆ ಸರಿಸು, ಪರಿಭ್ರಮಣಕ್ಕೆ ಗಿರಕಿ, ಪ್ರತಿಫಲನಕ್ಕೆ ಡಬ್ಬ. ತಿರುಗಿಸು ಅಂದವರಿಗೆ ದಂಡ ಒಂದು ಚಾಕಲೇಟು. ಇಲ್ಲಿವರೆಗೆ ಜಾಸ್ತಿ ದಂಡ ಕಟ್ಟಿದವನು ನಾನೇ.

ಕಿಟಕಿಯಲ್ಲಿ ಸಿಕ್ಕಿಕೊಂಡ ಕುಡಗೋಲು

ತುಂಡು ಸರಿಯಾಗಿ ಕೂಡುತ್ತೋ ಇಲ್ಲವೋ ನೋಡಲು ಕಿಟಕಿ ಬೇಕು. ಒಂದು ರಟ್ಟಿನಲ್ಲಿ ಅದೇ ಆಕಾರದ ತೂತು ಕೊರೆದರೆ ಅದೇ ಕಿಟಕಿ. ತುಂಡು ಅದರೊಳಗೆ ಕೂತರೆ ಸರ್ವಸಮ. ಒಂದರ ಮೇಲೊಂದು ಇಟ್ಟು ನೋಡುವ ಈ ಉಪಾಯ ಹೊಸದೇನಲ್ಲ, ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತ್ರಿಕೋನಗಳಿಗೆ ಮಾಡಿದ್ದೂ ಇದನ್ನೇ.

ಕುಡಗೋಲಿನ ಕಿಟಕಿ ಮಾಡಿ ಪಕ್ಕದ ಮನೆ ಹುಡುಗನಿಗೆ ಕೊಟ್ಟೆ. ಕೆಂಪು ಮುಖ ಮೇಲಿಟ್ಟು ಹಾಕಿದ, ಟಪ್ ಅಂತ ಕೂತಿತು. ಈಗ ಕಿಟಕಿಯ ರಟ್ಟನ್ನೇ ಡಬ್ಬ ಹಾಕಿ ಕೊಟ್ಟೆ. ತುಂಡನ್ನೂ ಡಬ್ಬ ಹಾಕಿದರೆ ಕೂಡಬೇಕು. ಹಾಕಿದ. ಕೂಡಲಿಲ್ಲ. 'ಕುಂದ್ರವಲ್ದು ನೋಡ್ರಿ' ಅಂದ. ಒತ್ತಿದ. ಅರ್ಧ ಹೋಗಿ ಸಿಕ್ಕಿಕೊಂಡಿತು. 'ಅಂದ್ರ ಡಬ್ಬ ಹಾಕಿದ್ರ ಅದು ಸರ್ವಸಮ ಅಲ್ಲ' ಅಂತ ತೀರ್ಪು ಕೊಟ್ಟೇಬಿಟ್ಟ. ಕಣ್ಣೆದುರಿನ ಪ್ರಮಾಣ ಅವನ ಕಡೆಗೇ ಇತ್ತು, ನಾನೇನು ಹೇಳಲಿ?

ತುಂಡನ್ನು ತೆಗೆದು ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚು ನೆಟ್ಟಗಿರಲಿಲ್ಲ, ಓರೆಯಾಗಿತ್ತು. ಕಟರ್ ಹಿಡಿದ ಕೈ ಒಂದು ಕಡೆ ವಾಲಿದರೆ ಹೀಗಾಗುತ್ತದೆ. ಕೆಂಪು ಮುಖ ಸರಿಯಾಗಿ ಮೂರು ಸೆಂಟಿಮೀಟರ್, ನೀಲಿ ಮುಖ ಕೂದಲೆಳೆ ದೊಡ್ಡದು. ಕಿಟಕಿಯ ಅಂಚೂ ಹಾಗೇ ಓರೆ. ಒಂದೊಂದು ಒಳಮೂಲೆಯಲ್ಲೂ ಓರೆಯ ದಿಕ್ಕು ಬೇರೆಬೇರೆ, ಪಟ್ಟಿಯನ್ನು ಯಾವ ಕಡೆಯಿಂದ ಹಿಡಿದಿದ್ದೆನೋ ಅದರ ಮೇಲೆ. ಅಂದರೆ ನನ್ನ ತುಂಡು ಚಪ್ಪಟೆ ಆಕಾರವೇ ಆಗಿರಲಿಲ್ಲ. ಬಾಟಲಿಯ ಬಿರಡೆಯ ಹಾಗೆ ಒಂದೇ ಕಡೆಯಿಂದ ಕೂಡುವ ವಸ್ತು ಆಗಿತ್ತು.

ಸರಿಮಾಡಿದ್ದು ಹೀಗೆ. ಹೊಸ ಬ್ಲೇಡ್ ಹಾಕಿದೆ. ಒಂದೇ ಸಲಕ್ಕೆ ಜೋರಾಗಿ ಎಳೆಯುವ ಬದಲು ಹಗುರವಾಗಿ ಆರು ಸಲ ಎಳೆದೆ. ಜೋರು ಮಾಡಿದಾಗಲೇ ಕೈ ವಾಲುವುದು. ಮೂಲೆಯಿಂದ ಹೊರಕ್ಕೆ ಕತ್ತರಿಸಿದೆ, ಮೂಲೆಯ ಕಡೆಗೆ ಅಲ್ಲ, ಇಲ್ಲದಿದ್ದರೆ ಗೆರೆ ದಾಟಿಬಿಡುತ್ತದೆ. ಆಮೇಲೆ ಮರದ ತುಂಡಿಗೆ 120ನೇ ನಂಬರಿನ ಪಾಲಿಶ್ ಪೇಪರ್ ಸುತ್ತಿ ಅಂಚು ಉಜ್ಜಿದೆ. ಕಿಟಕಿಯನ್ನು ಎಲ್ಲ ಕಡೆ ಅರ್ಧ ಮಿಲಿಮೀಟರ್ ದೊಡ್ಡದು ಮಾಡಿದೆ. ಈಗ ಕೆಂಪು ಕಡೆಯಿಂದಲೂ ನೀಲಿ ಕಡೆಯಿಂದಲೂ ಟಪ್. ಹುಡುಗ ತೀರ್ಪು ವಾಪಸ್ ತಗೊಂಡ, ಆದರೆ ಮೊದಲು ತಾನು ಹೇಳಿದ್ದೂ ತಪ್ಪಲ್ಲ ಅಂತ ನನ್ನಿಂದ ಒಪ್ಪಿಗೆ ಪಡೆದ. ಒಪ್ಪಲೇಬೇಕಾಯಿತು.

ಹತ್ತೊಂಬತ್ತು, ಏಳು, ಐದು

ಈಗ ಆಟ. ಮೂರು ಸೆಂಟಿಮೀಟರಿನ ಚೌಕ ಗೆರೆ ಎಳೆದ ದೊಡ್ಡ ಚಾರ್ಟು ಹಾಸಿದೆ. ನಾಲ್ಕು ಮನಿ ಕೂಡಿಸಿ ಎಷ್ಟು ಬೇರೆಬೇರೆ ಚಿತ್ರ ಬರೆಯಬಹುದು ಅಂತ ಕೇಳಿದೆ. ಐದು ಹುಡುಗರು, ಒಂದು ಪೆನ್ಸಿಲ್, ಒಂದು ರಬ್ಬರ್, ಎರಡು ಗಂಟೆ ಗದ್ದಲ.

'ಬೇರೆ' ಅಂದರೇನು ಅನ್ನುವುದರ ಮೇಲೇ ಜಗಳ. ನಿಂತ ಕೋಲು, ಮಲಗಿದ ಕೋಲು ಬೇರೆನಾ? ಮೊದಲ ನಿಯಮ ಹಾಕಿದೆ: ಸರಿಸುವುದು ಮಾತ್ರ ಉಂಟು. ಒಂದು ಚಿತ್ರವನ್ನು ಬರೀ ಸರಿಸಿ ಇನ್ನೊಂದರ ಮೇಲೆ ಕೂಡಿಸಲು ಆದರೆ ಎರಡೂ ಒಂದೇ, ಇಲ್ಲದಿದ್ದರೆ ಬೇರೆ. ಆಗ ಕೋಲಿಗೆ ಎರಡು, ಮಣೆಗೆ ಒಂದು, ಗೋಪುರಕ್ಕೆ ನಾಲ್ಕು, ಮೆಟ್ಟಿಲಿಗೆ ನಾಲ್ಕು, ಕುಡಗೋಲಿಗೆ ಎಂಟು. ಒಟ್ಟು 19. ಕುಡಗೋಲಿಗೆ ಎಂಟು ಹುಡುಕುವುದು ಕಷ್ಟವಾಯಿತು, ಏಳರಲ್ಲೇ ತುಂಬಾ ಹೊತ್ತು ನಿಂತಿದ್ದರು.

ಎರಡನೇ ನಿಯಮ: ಗಿರಕಿಯೂ ಉಂಟು. ಒಂದೊಂದೇ ಚಿತ್ರ ಹೊಡೆದು ಹಾಕುತ್ತಾ ಬಂದರು. ಏಳು ಉಳಿದವು. 'ಏಳೇ ರೀ, ನನಗ ಮೊದ್ಲೇ ಗೊತ್ತಿತ್ತು' ಅಂದ ಒಬ್ಬ. ಹೇಗಪ್ಪಾ ಅಂದರೆ ಅವನ ಅಣ್ಣನ ಮೊಬೈಲಿನಲ್ಲಿ ಟೆಟ್ರಿಸ್ ಇದೆಯಂತೆ, ಅದರಲ್ಲಿ ಮೇಲಿನಿಂದ ಬೀಳುವ ತುಂಡುಗಳು ಏಳೇ ಥರ. ನನಗೆ ಇದು ಗೊತ್ತೇ ಇರಲಿಲ್ಲ. ಆ ಆಟದಲ್ಲಿ ತುಂಡನ್ನು ಪಕ್ಕಕ್ಕೆ ಸರಿಸಬಹುದು, ಗಿರಕಿ ಹೊಡೆಸಬಹುದು. ಡಬ್ಬ ಹಾಕುವ ಬಟನ್ ಇಲ್ಲ. ಅದಕ್ಕೇ ಎಡ ಕುಡಗೋಲು ಬೇರೆ, ಬಲ ಕುಡಗೋಲು ಬೇರೆ. ಮೆಟ್ಟಿಲೂ ಹಾಗೇ.

ಮಗಳು ಒಪ್ಪಲಿಲ್ಲ. ಎಡದ್ದನ್ನು ಎತ್ತಿ ಡಬ್ಬ ಹಾಕಿ ಬಲದ್ದರ ಮೇಲೆ ಕೂರಿಸಿದಳು. 'ಐದು' ಅಂದಳು. ಅವನು ಏಳು, ಇವಳು ಐದು. ಹತ್ತು ನಿಮಿಷ ನಾನು ಬಾಯಿ ಹಾಕಲಿಲ್ಲ. ಕೊನೆಗೆ ಅವನೇ ಚಾರ್ಟಿನ ಅಂಚಿನಲ್ಲಿ ಬರೆದ: ಸರಿಸು 19, ಗಿರಕಿ 7, ಡಬ್ಬ 5. ಇಬ್ಬರೂ ಸರಿ, ಏನಕ್ಕೆ ಪರವಾನಗಿ ಕೊಟ್ಟೆವು ಅನ್ನುವುದರ ಮೇಲೆ ಎಣಿಕೆ. ಶಾಲೆಯ ಪುಸ್ತಕದ ಸರ್ವಸಮತೆ ಮೂರಕ್ಕೂ ಪರವಾನಗಿ ಕೊಡುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಐದು.

ಇನ್ನೊಂದು ಸಣ್ಣ ತಪ್ಪು ಇಲ್ಲೇ ಸರಿಹೋಯಿತು. ಎಲ್ಲ ತುಂಡುಗಳಲ್ಲೂ ನಾಲ್ಕೇ ಮನಿ, ಅಂದರೆ ಒಂದೇ ಅಳತೆ, ಹಾಗಾದರೆ ಎಲ್ಲವೂ ಸರ್ವಸಮ ಅಂತ ಒಬ್ಬಳ ವಾದ. ವಿಸ್ತೀರ್ಣ ಎಲ್ಲಕ್ಕೂ 36 ಚದರ ಸೆಂಟಿಮೀಟರ್, ನಿಜ. ಮಣೆಯ ಸುತ್ತ ದಾರ ಸುತ್ತಿ ಅಳೆಯಲು ಹೇಳಿದೆ. 24 ಸೆಂಟಿಮೀಟರ್. ಉಳಿದವುಗಳ ಸುತ್ತ 30. ವಾದ ಅಲ್ಲಿಗೆ ನಿಂತಿತು.

ಎರಡು ಸಲ ಡಬ್ಬ ಹಾಕಿದರೆ ಏನಾಗುತ್ತೆ ಅನ್ನೋದು ಆಟದಲ್ಲೇ ಬಂತು. ಮಣೆಯನ್ನು ಅದರ ಬಲ ಅಂಚಿನ ಮೇಲೆ ಮಗುಚಿದರೆ ನೀಲಿ, ಮತ್ತೆ ಬಲ ಅಂಚಿನ ಮೇಲೆ ಮಗುಚಿದರೆ ಕೆಂಪು. ಮಣೆ ಶುರುವಿನಿಂದ 12 ಸೆಂಟಿಮೀಟರ್ ಆಚೆ ಬಂದಿರುತ್ತದೆ. ಡಬ್ಬದ ಮೇಲೆ ಡಬ್ಬ ಹಾಕಿದರೆ ಬರೀ ಸರಿಸಿದ ಹಾಗೆ! ಕುಡಗೋಲಿನಲ್ಲೂ ಮಾಡಿ ನೋಡಿದರು, ಕೊಕ್ಕೆಯ ದಿಕ್ಕು ವಾಪಸ್ ಬಂತು. ಎರಡು ಸಲ ಮಗುಚುವ ಗೆರೆಗಳು ಒಂದಕ್ಕೊಂದು ಓರೆಯಾಗಿದ್ದರೆ ಸರಿಸಿದ ಹಾಗಲ್ಲ, ಗಿರಕಿ ಹೊಡೆಸಿದ ಹಾಗೆ ಆಗುತ್ತದೆ. ಇದನ್ನು ತೋರಿಸುವಷ್ಟರಲ್ಲಿ ಕ್ರಿಕೆಟ್ಟಿಗೆ ಕರೆ ಬಂತು, ಹುಡುಗರು ಓಡಿದರು.

ಕನ್ನಡಿಯ ಬದಲು ಅಚ್ಚುಮೊಳೆ

ಪ್ರತಿಫಲನಕ್ಕೆ ಎಲ್ಲರೂ ಕನ್ನಡಿ ಕೊಡುತ್ತಾರೆ. ನನ್ನ ಹತ್ತಿರ ಅದಕ್ಕಿಂತ ಒಳ್ಳೇ ವಸ್ತು ಇತ್ತು. ಆಫ್‌ಸೆಟ್ ಮುದ್ರಣ ಬರುವ ಮೊದಲಿನ ಸೀಸದ ಅಚ್ಚುಮೊಳೆಗಳು ಒಂದು ಡಬ್ಬಿ ತುಂಬ ಉಳಿದಿವೆ. ಅಕ್ಷರಗಳೆಲ್ಲ ಉಲ್ಟಾ. ಒಂದು 'ಅ' ಕೊಟ್ಟು, ಗಿರಕಿ ಹೊಡೆಸಿ ನೆಟ್ಟಗೆ ಓದಿಸಿ ನೋಡೋಣ ಅಂದೆ. ಎಲ್ಲ ಕೋನದಿಂದಲೂ ನೋಡಿದರು. ಆಗಲಿಲ್ಲ. ಸ್ಟಾಂಪ್ ಪ್ಯಾಡಿನ ಮೇಲೆ ಒತ್ತಿ ಕಾಗದದ ಮೇಲೆ ಡಬ್ಬ ಹಾಕಿದ ಕೂಡಲೇ ನೆಟ್ಟಗಿನ 'ಅ' ಬಂತು. ಯಾವ ಮೊಳೆ ಉಲ್ಟಾ ಇದ್ದರೂ ಉಲ್ಟಾ ಅನ್ನಿಸುವುದಿಲ್ಲ ಅಂತ ಹುಡುಕಲು ಬಿಟ್ಟೆ. ಸಣ್ಣವನು ಸೊನ್ನೆ ಹಿಡಿದು ತಂದ.

ನಂತರ ತೊಳೆಯದ ಕೈಯಲ್ಲಿ ಯಾರೂ ತಿನ್ನದ ಹಾಗೆ ನೋಡಿಕೊಳ್ಳಬೇಕು, ಸೀಸ ವಿಷ. ನಾನು ಐದೂ ಜನರನ್ನು ನಲ್ಲಿಯ ಹತ್ತಿರ ಸಾಲಾಗಿ ನಿಲ್ಲಿಸಿ ಸೋಪು ಹಾಕಿಸಿದೆ. ಮನೆಯಲ್ಲಿ ಮಾಡುವವರು ರಬ್ಬರ್ ಸ್ಟಾಂಪನ್ನೇ ಬಳಸಿ, ಸುಮ್ನೆ ರಿಸ್ಕ್ ಯಾಕೆ.

ಗಿರಕಿಯ ಹಲಗೆ, ಡಂಬಳದ ಮೂಲೆಗಳು

ಗಿರಕಿಗೆ ಒಂದು ಮೊಳೆ ಬೇಕು. ಯಾವುದರ ಸುತ್ತ ಅನ್ನದೆ ಸುಮ್ನೆ ಗಿರಕಿ ಅಂದರೆ ಅರ್ಥವಿಲ್ಲ. 12 ಮಿಲಿಮೀಟರಿನ ಪ್ಲೈವುಡ್ ಹಲಗೆ, ನಡುವೆ ಒಂದು ಮೊಳೆ, ಮೊಳೆಯ ಸುತ್ತ ಕೋನಮಾಪಕ ಇಟ್ಟು 15 ಡಿಗ್ರಿಗೊಂದು ಗೆರೆ. 12 ಸೆಂಟಿಮೀಟರಿನ ರಟ್ಟಿನ ಚೌಕದ ಸರಿ ನಡುವೆ ತೂತು ಹಾಕಿ ಮೊಳೆಗೆ ಸಿಗಿಸಿದೆ. ಹಲಗೆಯ ಮೇಲೆ ಕಾಗದ, ಚೌಕದ ಸುತ್ತ ಪೆನ್ಸಿಲ್. ಒಂದು ಸಲ ಬರೆಯುವುದು, 15 ಡಿಗ್ರಿ ಗಿರಕಿ, ಮತ್ತೆ ಬರೆಯುವುದು.

15 ಯಾಕೆ ಅಂದರೆ ಡಂಬಳಕ್ಕಾಗಿ. ಗದಗಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಮುಂಡರಗಿ ತಾಲ್ಲೂಕು. ಅಲ್ಲಿನ ದೊಡ್ಡಬಸಪ್ಪ ದೇವಸ್ಥಾನ 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗೋಡೆ ಚೌಕವೂ ಅಲ್ಲ, ದುಂಡಗೂ ಅಲ್ಲ, 24 ಮೂಲೆಗಳ ನಕ್ಷತ್ರ. ಆರು ಚೌಕಗಳನ್ನು ಒಂದೇ ನಡುವಿನ ಮೇಲೆ ಇಟ್ಟು ಒಂದೊಂದನ್ನು 15 ಡಿಗ್ರಿ ಗಿರಕಿ ಹೊಡೆಸಿದರೆ ಬರುವ ಆಕಾರ ಅದೇ. ನಾವು ಒಂದು ರಜೆಯಲ್ಲಿ ಹೋಗಿದ್ದೆವು. ಹುಡುಗರು ಸುತ್ತ ಓಡಿ ಮೂಲೆ ಎಣಿಸಿದರು, ಮೂರು ಸಲ ಎಣಿಸಿದರೆ ಮೂರು ಉತ್ತರ. 24 ಯಾರಿಗೂ ಬರಲಿಲ್ಲ. ಬರುವುದೂ ಇಲ್ಲ, ಯಾಕೆಂದರೆ ಮುಂದಿನ ಮಂಟಪಕ್ಕೆ ಅಂಟಿದ ಕಡೆ ಮೂಲೆಗಳು ಒಳಗೆ ಮುಚ್ಚಿಹೋಗಿವೆ. ಕೈಗೆ ಸಿಗುವ ಒಂದು ಮೂಲೆಗೆ ಮಗಳು ತನ್ನ ನೋಟ್‌ಬುಕ್ಕಿನ ಮೂಲೆಯನ್ನು ಹತ್ತಿರ ಹಿಡಿದು ನೋಡಿದಳು. ಎರಡೂ ಒಂದೇ, ನೆಟ್ಟಗಿನ ಮೂಲೆ. ಚೌಕದ ಮೂಲೆ ಅಲ್ವಾ, ಇನ್ನೇನಿರುತ್ತೆ.

ವಾಪಸ್ ಬಂದ ಮೇಲೆ ಹಲಗೆಗೆ ಕೂತರು. 24 ಮೂಲೆ ಅಂದರೆ 24 ಸಲ ಬರೆಯಬೇಕು ಅಂದುಕೊಂಡಿದ್ದರು. ಆರನೇ ಸಲ ಬರೆದು ಏಳನೆಯದಕ್ಕೆ ಗಿರಕಿ ಹೊಡೆಸಿದರೆ ಚೌಕ ಮೊದಲ ಗೆರೆಯ ಮೇಲೇ ಬಂದು ಕೂತಿತು. 15 ಆರು ಸಲ ಆದರೆ 90, ಚೌಕಕ್ಕೆ 90 ಡಿಗ್ರಿ ಗಿರಕಿ ಹೊಡೆದರೂ ಒಂದೇ, ಹೊಡೆಯದಿದ್ದರೂ ಒಂದೇ. ಆರು ಚೌಕಕ್ಕೆ ನಾಲ್ಕು ಮೂಲೆಯಂತೆ 24.

ಆದರೆ ಮೊದಲ ದಿನ ಇಷ್ಟು ಸಲೀಸಾಗಿ ಬರಲಿಲ್ಲ. ಏಳನೆಯ ಗೆರೆ ಮೊದಲನೆಯದರಿಂದ ಎರಡು ಮಿಲಿಮೀಟರ್ ಆಚೆ ಬಿತ್ತು. ರಟ್ಟಿನ ತೂತು ಮೊಳೆಗೆ ಉಜ್ಜಿ ಉಜ್ಜಿ ಅಗಲವಾಗಿತ್ತು, ಗಿರಕಿಯ ಜೊತೆ ಚೌಕ ಸ್ವಲ್ಪ ಸ್ವಲ್ಪ ಸರಿಯುತ್ತಲೂ ಇತ್ತು. ಎರಡು ಕೆಲಸ ಒಟ್ಟಿಗೇ ಆಗಿ ಲೆಕ್ಕ ಕೆಟ್ಟಿತ್ತು. ಫೈಲಿನ ಟ್ಯಾಗಿಗೆ ಹಾಕುವ ಪಿತ್ತಾಳೆ ಬಳೆ (ಐಲೆಟ್) ಒಂದನ್ನು ತೂತಿಗೆ ಹೊಡೆದು, ಅದರೊಳಗೆ ಬಿಗಿಯಾಗಿ ಕೂಡುವ ಮೊಳೆ ಹುಡುಕಿ ಹಾಕಿದೆ. ಆಮೇಲೆ ಏಳನೆಯ ಗೆರೆ ಮೊದಲನೆಯದರ ಮೇಲೇ. ಈ ಹಲಗೆ ಸರಿ ಇದೆಯೋ ಇಲ್ಲವೋ ಅನ್ನೋದಕ್ಕೆ ಬೇರೆ ಪರೀಕ್ಷೆ ಬೇಡ, ಏಳನೆಯ ಗೆರೆ ಸಾಕು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. ಆ ಧ್ವಜದ ಚಕ್ರದಲ್ಲಿ ಕಡ್ಡಿಗಳು 24. ಅಲ್ಲೂ ಒಂದರಿಂದ ಇನ್ನೊಂದಕ್ಕೆ 15 ಡಿಗ್ರಿ. ನಕ್ಷತ್ರದ ಕಾಗದದ ಮೇಲೆ ಹುಡುಗರು ಮೂಲೆಯಿಂದ ನಡುವಿಗೆ ಗೆರೆ ಎಳೆದಾಗ ಚಕ್ರ ತಾನಾಗಿ ಬಂತು. ನಾನು ಹೇಳಿಕೊಟ್ಟದ್ದಲ್ಲ.

ಕೂಡದ ಪೆಟ್ಟಿಗೆ

ಕೊನೆಗೆ ತುಂಡುಗಳನ್ನು ಇಡಲು ಪೆಟ್ಟಿಗೆ. ಐದು ತುಂಡು, ಒಂದೊಂದಕ್ಕೆ ನಾಲ್ಕು ಮನಿ, ಒಟ್ಟು ಇಪ್ಪತ್ತು. ನಾಲ್ಕು ಮನಿ ಅಗಲ, ಐದು ಮನಿ ಉದ್ದ ಇದ್ದರೆ ಜಾಗ ವ್ಯರ್ಥ ಆಗದೆ ಕೂಡುತ್ತದೆ ಅಂತ 12 ಕ್ಕೆ 15 ಸೆಂಟಿಮೀಟರಿನ ಪೆಟ್ಟಿಗೆ ಮಾಡಿದೆ. ಬದಿಗೆ ಒಂದು ಮಿಲಿಮೀಟರ್ ಸಡಿಲ ಬಿಟ್ಟೆ. ಕಪ್ಪು ರೆಕ್ಸಿನ್, ಒಳಗೆ ಬಿಳಿ ಕಾಗದ, ಮುಚ್ಚಳಕ್ಕೆ ಬಟ್ಟೆಯ ಕೀಲು. ನನ್ನ ಕೈಯ ಒಳ್ಳೇ ಕೆಲಸಗಳಲ್ಲಿ ಅದೂ ಒಂದು.

ತುಂಡುಗಳು ಕೂಡಲಿಲ್ಲ. ನಾಲ್ಕು ಕೂಡಿದರೆ ಐದನೆಯದಕ್ಕೆ ಜಾಗ ಇರುತ್ತಿತ್ತು, ಆಕಾರ ಮಾತ್ರ ಬೇರೆ. ರಾತ್ರಿ ಊಟ ಆದ ಮೇಲೆ ಕೂತೆ, ಹನ್ನೊಂದಾಯಿತು. ಅಂಚು ಓರೆ ಇರಬೇಕು ಅಂತ ಮತ್ತೆ ಉಜ್ಜಿದೆ. ಸಡಿಲ ಸಾಲದು ಅಂತ ಬದಿಯ ಪಟ್ಟಿ ಬಿಚ್ಚಿ ಅಂಟಿಸಿದೆ. ಹೆಂಡತಿ ಬಂದು ನೋಡಿ 'ನಾಳೆ ಪ್ರೆಸ್ಸಿಗೆ ಹೋಗಲ್ವಾ?' ಅಂತ ಕೇಳಿ ಲೈಟ್ ಆರಿಸಿದಳು.

ಮರುದಿನ ಸರಿಸುವ ಹೆಜ್ಜೆ ಎಣಿಸಲು ಅನುಕೂಲ ಆಗಲಿ ಅಂತ ಪೆಟ್ಟಿಗೆಯ ತಳದಲ್ಲಿ ಚದುರಂಗದ ಹಾಗೆ ಕರಿ ಬಿಳಿ ಮನಿ ಬರೆದೆ. ಹತ್ತು ಕರಿ, ಹತ್ತು ಬಿಳಿ. ಪಕ್ಕದ ಮನೆ ಹುಡುಗ ಬಂದು ತುಂಡುಗಳನ್ನು ಒಂದೊಂದೇ ಇಟ್ಟು ತೆಗೆದು ಮಾಡುತ್ತಿದ್ದ. ಹತ್ತು ನಿಮಿಷ ಆದ ಮೇಲೆ ಹೇಳಿದ: 'ಈ ಗೋಪುರ ಒಂದಾ ಮೂರು ಕರೀ ಮನಿ ತಿಂತೈತಿ ನೋಡ್ರಿ.'

ಕೋಲು ಎಲ್ಲಿ ಇಟ್ಟರೂ ಎರಡು ಕರಿ, ಎರಡು ಬಿಳಿ ಮುಚ್ಚುತ್ತದೆ. ಮಣೆ, ಕುಡಗೋಲು, ಮೆಟ್ಟಿಲು ಎಲ್ಲವೂ ಅಷ್ಟೇ, ಹೇಗೆ ಸರಿಸಿದರೂ, ಗಿರಕಿ ಹೊಡೆಸಿದರೂ, ಡಬ್ಬ ಹಾಕಿದರೂ. ಗೋಪುರ ಮಾತ್ರ ಮೂರು ಒಂದು ಬಣ್ಣದ್ದು, ಒಂದು ಇನ್ನೊಂದು ಬಣ್ಣದ್ದು. ಹಾಗಾಗಿ ಐದೂ ಸೇರಿದರೆ ಹನ್ನೊಂದು ಒಂಬತ್ತು ಆಗಬೇಕು, ಹತ್ತು ಹತ್ತು ಆಗಲು ಸಾಧ್ಯವೇ ಇಲ್ಲ. ನಾನು ರಾತ್ರಿ ಕೂತು ಉಜ್ಜಿದೆ, ಆದರೆ ತಪ್ಪು ಅಂಚಿನದಲ್ಲ. ಇಪ್ಪತ್ತು ವರ್ಷ ಉಜ್ಜಿದರೂ ಕೂಡುತ್ತಿರಲಿಲ್ಲ.

ಒಂದು ಗೋಪುರ ಹೆಚ್ಚು ಕರಿ ತಿಂದರೆ ಇನ್ನೊಂದು ಗೋಪುರ ಹೆಚ್ಚು ಬಿಳಿ ತಿನ್ನಬೇಕು. ಅಂದರೆ ಎರಡು ಸೆಟ್ ಬೇಕು. ಇನ್ನೂ ಐದು ತುಂಡು ಕತ್ತರಿಸಿದೆ, ಈ ಸಲ ಮೊದಲೇ ಎರಡೂ ಮುಖಕ್ಕೆ ಕಾಗದ. ನಲವತ್ತು ಮನಿ, ನಾಲ್ಕು ಅಗಲ ಹತ್ತು ಉದ್ದ, ಅಂದರೆ 12 ಕ್ಕೆ 30 ಸೆಂಟಿಮೀಟರಿನ ಪೆಟ್ಟಿಗೆ. ರೆಕ್ಸಿನ್ ಹಚ್ಚುವ ಮೊದಲು ಬರೀ ಕಾಗದದ ಮೇಲೆ ಗೆರೆ ಎಳೆದು ಕೂಡಿಸಿ ನೋಡಿದೆವು, ಬುದ್ಧಿ ಬಂದಿತ್ತು.

ಎರಡು ಕೋಲುಗಳನ್ನು ಬಲತುದಿಯಲ್ಲಿ ನಿಲ್ಲಿಸಿ, ಅದರ ಪಕ್ಕ ಎರಡು ಮಣೆ ಒಂದರ ಮೇಲೊಂದು ಇಡಿ. ಆರು ಮನಿ ಉದ್ದದ ಜಾಗ ಉಳಿಯುತ್ತದೆ. ಅದರ ಎಡ ಮೇಲ್ಮೂಲೆಯಲ್ಲಿ ಒಂದು ಗೋಪುರ, ತಲೆ ಕೆಳಗೆ ಮಾಡಿ. ಅದರ ಕೆಳಗೆ ಎಡ ಅಂಚಿಗೆ ತಾಗಿ ಕುಡಗೋಲು ನಿಂತು, ಕೊಕ್ಕೆ ಕೆಳಸಾಲಿನಲ್ಲಿ ಬಲಕ್ಕೆ. ಇನ್ನೊಂದು ಗೋಪುರ ಕೆಳಸಾಲಿನಲ್ಲಿ ಆ ಕೊಕ್ಕೆಗೆ ತಾಗಿ ನೆಟ್ಟಗೆ. ಉಳಿದದ್ದು ಎರಡು ಮೆಟ್ಟಿಲು, ಒಂದು ಕುಡಗೋಲು. ಅವನ್ನು ನಾನು ಹೇಳುವುದಿಲ್ಲ, ನಮ್ಮ ಹುಡುಗರಿಗೆ ಅರ್ಧ ಗಂಟೆ ಹಿಡಿಯಿತು, ನೀವೂ ನೋಡಿ. ಒಂದು ಸುಳಿವು ಕೊಡುತ್ತೇನೆ. ಎಲ್ಲ ತುಂಡುಗಳ ಕೆಂಪು ಮುಖ ಮೇಲಿಟ್ಟೇ ಶುರು ಮಾಡಿದ್ದೆವು. ಕೊನೆಯ ಕುಡಗೋಲು ಆ ಆರು ಮನಿ ಜಾಗದ ಮೇಲಿನ ಬಲಮೂಲೆಯಲ್ಲಿ ಕೂಡಬೇಕು, ಜಾಗ ಸರಿ ಇದೆ, ಕೊಕ್ಕೆ ಮಾತ್ರ ಉಲ್ಟಾ. ಮೊಬೈಲ್ ಆಟದ ಹುಡುಗ ನಾಲ್ಕು ಗಿರಕಿ ಹೊಡೆಸಿದ. ಮಗಳು ಅವನ ಕೈಯಿಂದ ಕಿತ್ತುಕೊಂಡು ಡಬ್ಬ ಹಾಕಿ ಒತ್ತಿದಳು.

ಈಗ ಪೆಟ್ಟಿಗೆ ತೆರೆದರೆ ಒಂಬತ್ತು ತುಂಡು ಕೆಂಪು, ಒಂದು ನೀಲಿ. ಹಳೇ ಚಿಕ್ಕ ಪೆಟ್ಟಿಗೆಯಲ್ಲಿ ಮನೆಯಾಕೆ ಹೊಲಿಗೆ ದಾರ ಇಟ್ಟಿದ್ದಾಳೆ.